ಕಪ್ಪು ಟೇಪು ಸುತ್ತಿದ ರಿಮೋಟ್

ನವೆಂಬರ್ 3, 2025, ಸೋಮವಾರ. ಮಸ್ಕಿ

ಅಕ್ಷರ ಕೋಳಿ ಕೆದರಿದ ಹಾಗೆ ಬರುತ್ತಿದೆ. ಬರಲಿ, ಓದುವವರು ಯಾರೂ ಇಲ್ಲ.

ಕೈಯ ಪ್ಲಾಸ್ಟರ್ ಇವತ್ತು ತೆಗೆದರು. ಲಿಂಗಸುಗೂರಿನ ಫಿಸಿಯೋಥೆರಪಿ ಡಾಕ್ಟರಮ್ಮ ಭಾರತಿ, "ದಿನಾ ಬಲಗೈಲೆ ಒಂದು ಪುಟ ಬರೀರಿ. ಏನರ ಬರೀರಿ" ಎಂದರು. ಏನು ಬರೆಯಲಿ? ನಾನು ಅಂಬಪ್ಪ. ವಯಸ್ಸು ಐವತ್ತೇಳು. ಹಟ್ಟಿ ಚಿನ್ನದ ಗಣಿಯಲ್ಲಿ ವೈಂಡರ್ ಚಾಲಕ. ಹೆಂಡತಿ ಅಮರಮ್ಮ. ಒಬ್ಬಳೇ ಮಗಳು ಸುಕನ್ಯಾ.

ಇಷ್ಟಕ್ಕೇ ಕೈ ಸೋತಿತು.

ನವೆಂಬರ್ 6, ಗುರುವಾರ

ನಿನ್ನೆ ಮೊನ್ನೆ ಬರೆಯಲಿಲ್ಲ. ಸಿಟ್ಟು ಬಂದಿತ್ತು.

ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಸಂತೆಕಲ್ಲೂರಿಗೆ ಹೋಗುವಾಗ ಬೈಕಿಗೆ ಎಮ್ಮೆ ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ, ನನ್ನ ಮಣಿಕಟ್ಟು ಎರಡು ತುಂಡಾಯಿತು. ಜನವರಿ ಹನ್ನೆರಡಕ್ಕೆ ಗಣಿಯಲ್ಲಿ ಪರೀಕ್ಷೆ ಇದೆ. ಮೊದಲು ಡಾಕ್ಟರುಗಳು ಕೈ ನೋಡುತ್ತಾರೆ, ಆಮೇಲೆ ಯಂತ್ರದ ಮುಂದೆ ಕೂರಿಸುತ್ತಾರೆ. ಪಾಸಾದರೆ ಯಂತ್ರ ನಡೆಸುವ ಲಿವರ್ ಮತ್ತೆ ನನ್ನ ಕೈಗೆ. ಇಲ್ಲದಿದ್ದರೆ ಉಳಿದ ಮೂರು ವರ್ಷ ಎಲ್ಲೋ ಒಂದು ಕುರ್ಚಿಯ ಮೇಲೆ ನೊಣ ಹೊಡೆಯುತ್ತ ಕೂರಬೇಕು.

ವೈಂಡರ್ ಅಂದರೆ ಗಣಿಯ ಬಾವಿಯೊಳಗೆ ಜನರನ್ನು ಇಳಿಸಿ ಏರಿಸುವ ಯಂತ್ರ. ಉಕ್ಕಿನ ಹಗ್ಗದ ತುದಿಗೆ ಪಂಜರದಂಥ ಕೇಜು, ಕೇಜಿನಲ್ಲಿ ಜನ. ಚಾಲಕನಿಗೆ ಅವರು ಕಾಣುವುದಿಲ್ಲ. ಕಾಣುವುದು ಆಳ ತೋರಿಸುವ ಮುಳ್ಳು ಮತ್ತು ಹಗ್ಗ ಸುತ್ತುವ ಡ್ರಮ್ಮಿನ ಮೇಲಿನ ಸೀಮೆಸುಣ್ಣದ ಗೀರು. ಕೇಳುವುದು ಗಂಟೆ ಮಾತ್ರ. ಓಡುವಾಗ ಒಂದು ಸಲ ಬಾರಿಸಿದರೆ ನಿಲ್ಲಿಸು. ಎರಡು ಸಲ ಬಾರಿಸಿದರೆ ಇಳಿಸು. ಮೂರು ಸಲ ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ, ಹುಷಾರ್. ಇಪ್ಪತ್ತಾರು ವರ್ಷ ಈ ಕೈ ಆ ಲಿವರ್ ಹಿಡಿದಿದೆ. ಯಾರದೂ ಬುತ್ತಿ ಡಬ್ಬಿ ಕೂಡ ಚೆಲ್ಲಿಲ್ಲ.

ಹಟ್ಟಿಯ ಕ್ವಾರ್ಟರ್ಸಿನಲ್ಲಿದ್ದರೆ ಶಿಫ್ಟಿನ ಸೈರನ್ ಕೇಳುತ್ತದೆ, ಕೇಳಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ನಿವೃತ್ತಿಗೆಂದು ಮಸ್ಕಿಯಲ್ಲಿ ಕಟ್ಟಿಸಿದ ಮನೆಗೆ ಈಗಲೇ ಬಂದು ಕೂತಿದ್ದೇವೆ.

ಪಾಸಾಗಲೇಬೇಕು. ಹೆಬ್ಬೆರಳು ನೆಟ್ಟಗಾಗದಿದ್ದರೂ ಆದ ಹಾಗೆ ಕಾಣಬೇಕು, ಅಷ್ಟೆ. ಡಾಕ್ಟರುಗಳೇನು, ಹತ್ತು ನಿಮಿಷ ನೋಡುತ್ತಾರೆ.

ನವೆಂಬರ್ 9, ಭಾನುವಾರ

ಹಿಂಡಲು ಕೊಟ್ಟ ರಬ್ಬರ್ ಚೆಂಡನ್ನು ಮೊನ್ನೆ ಗೋಡೆಗೆ ಎಸೆದೆ. ಅದು ವಾಪಸ್ ಬಂದು ನನ್ನ ಹಣೆಗೇ ಬಡಿಯಿತು. ಅಮರಮ್ಮ ನಕ್ಕಳು. ಇಂಥ ಹೊತ್ತಿನಲ್ಲಿ ನಗಬಾರದು ಅನ್ನುವುದನ್ನು ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಕಲಿಯಲೇ ಇಲ್ಲ.

ನಿನ್ನೆ ಲಿಂಗಸುಗೂರಿನಲ್ಲಿ ಭಾರತಿ ಅವರಿಗೆ ಚೆಂಡು ನನ್ನಿಂದ ಆಗದು ಎಂದೆ.

"ಬ್ಯಾಸರಾದ್ರ ವಿಡಿಯೋ ಗೇಮ್ ಆಡ್ರಿ. ಹೆಬ್ಬೆರಳಿಗೆ ಅದಕ್ಕಿಂತ ಛಲೋ ಕಸರತ್ತು ಇಲ್ಲ" ಎಂದರು.

ಐವತ್ತೇಳರ ಗಂಡಸಿಗೆ ಹೇಳುವ ಮಾತೇ ಇದು? ನಾನು ಬಾಯಿ ತೆರೆಯುವ ಮೊದಲೇ ಅಮರಮ್ಮ, "ನಮ್ಮ ಬಾಜೂ ಮನಿ ಗುಲ್ಷನ್‌ಬೀ ಹತ್ರ ಟ್ರಂಕ್ ತುಂಬ ಅದಾವ್ರಿ. ಹಿಂದ ಗೇಮಿನ ಅಂಗಡಿ ಇಟ್ಟಿದ್ಲು" ಎಂದಳು.

"ಸತ್ತರೂ ಆಕಿ ಮನಿಗೆ ಹೋಗಾಂಗಿಲ್ಲ" ಎಂದೆ.

ಕಾರಣ ಅಮರಮ್ಮನಿಗೆ ಗೊತ್ತು. 2001ರ ಮೇ ತಿಂಗಳು. ಸುಕನ್ಯಾಗೆ ಹತ್ತು ವರ್ಷ, ಸೂಟಿಗೆ ಅಜ್ಜಿ ಮನೆಗೆ, ಇದೇ ಓಣಿಗೆ ಬಂದಿದ್ದಳು. ನಾನು ಮೊದಲ ಶಿಫ್ಟು ಮುಗಿಸಿ ಬಂದೆ. ಗುಲ್ಷನ್‌ಬೀ ಅಂಗಡಿಯಲ್ಲಿ ಸುಕನ್ಯಾ ಟಿವಿ ಮುಂದೆ ಕುಳಿತು ಕಿರುಚುತ್ತಿದ್ದಳು: "ಸತ್ತ! ಸತ್ತ! ಇನ್ನ ಎರಡು ಜೀವ ಅದಾವ!" ಗುಂಡಿಗೆ ಬಿದ್ದ ಮನುಷ್ಯನನ್ನು ನೋಡಿ ನಗುತ್ತಿದ್ದಳು. ಅವತ್ತು ಬೆಳಿಗ್ಗೆಯಷ್ಟೇ ನೂರಾರು ಜನರನ್ನು ಇಳಿಸಿ ಏರಿಸಿ ಬಂದಿದ್ದೆ, ಆ ನಗು ನನಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಆಟದ ರಿಮೋಟ್ ಕಿತ್ತೆ, ವೈರು ಹರಿದೇ ಹೋಯಿತು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ಅವಳು ನನ್ನೆದುರು ಹಾಗೆ ಬಾಯಿಬಿಟ್ಟು ನಕ್ಕದ್ದು ನೆನಪಿಲ್ಲ. ಈಗ ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಭಾನುವಾರ ಫೋನು ಮಾಡಿ, "ಊಟ ಆತಾ ಅಪ್ಪಾ? ಕೈ ಹೆಂಗೈತಿ?" ಎಂದು ಕೇಳುತ್ತಾಳೆ. ನಾನು "ಆತು, ಆರಾಮೈತಿ" ಎನ್ನುತ್ತೇನೆ. ಫೋನು ಅಮರಮ್ಮನ ಕೈಗೆ ಹೋಗುತ್ತದೆ.

ನವೆಂಬರ್ 10, ಸೋಮವಾರ

ಹೋದೆ. ಸಾಯದೆ ಹೋದೆ.

ಗುಲ್ಷನ್‌ಬೀಗೆ ಅರವತ್ತೈದರ ಮೇಲೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾಳೆ. ಆಗಿನ ಗೇಮಿನ ಕೋಣೆಯಲ್ಲೇ ಈಗ ಸೀರೆಗೆ ಫಾಲ್ ಹಚ್ಚುತ್ತಾಳೆ. ನಾವು ಇಲ್ಲಿ ಮನೆ ಕಟ್ಟಿ ನಾಲ್ಕು ವರ್ಷವಾದರೂ ಅವಳ ಜತೆ ನಾನು ಮಾತಾಡಿರಲಿಲ್ಲ.

"ಬರ್ರಿ ಅಣ್ಣಾರ. ಇಪ್ಪತ್ನಾಕು ವರ್ಷ ಆತು ನೀವು ಈ ಹೊಸ್ತಿಲ ದಾಟಿ. ಹಿಂದಿನ ಸಲ ಚಪ್ಪಲಿ ಬಿಡಲಾರ್ದ ಬಂದಿದ್ರಿ" ಎಂದಳು.

ಚಪ್ಪಲಿ ಬಿಟ್ಟೆ.

ಮಂಚದ ಕೆಳಗಿನಿಂದ ಟ್ರಂಕ್ ಎಳೆದಳು. ಒಂದೊಂದಕ್ಕೂ ಹಳೆಯ ದುಪಟ್ಟಾ ಸುತ್ತಿಟ್ಟಿದ್ದಾಳೆ. ಮೊದಲು ಬಂದದ್ದು ಎರಡು ತಿರುಗಣೆಯ ಒಂದು ಡಬ್ಬಿ. "ಇದು ನಮ್ಮ ಮನಿಯವರ ಕಾಕಾ ದುಬೈದಿಂದ ತಂದದ್ರಿ, ಎಂಬತ್ತೈದರ ಸುಮಾರಿಗೆ. ಕಪ್ಪು ಬಿಳಿ ಟಿವಿಗೆ ಹಚ್ಚತಿದ್ವಿ. ಆ ಕಡಿ ಒಂದು ಗೆರಿ, ಈ ಕಡಿ ಒಂದು ಗೆರಿ, ನಡುವ ಚೆಂಡು. ಆ ಚೆಂಡರ ದುಂಡಗಿತ್ತೇನು? ಚೌಕ! ಆದ್ರೂ ಓಣಿ ಮಂದೆಲ್ಲ ಬಾಯಿ ತಕ್ಕೊಂಡು ನೋಡ್ತಿತ್ತು. ಇದರ ಜೀವ ಹೋಗಿ ಮೂವತ್ತು ವರ್ಷ ಆತು, ಒಗಿಯಾಕ ಮನಸ್ಸಾಗವಲ್ದು."

ಆಮೇಲೆ ಕ್ಯಾಸೆಟ್ ಹಾಕುವ ಯಂತ್ರ ತೆಗೆದಳು. ತೊಂಬತ್ತರ ದಶಕದ್ದು. ಅದರ ರಿಮೋಟು ನೋಡಿ ನನ್ನ ಮುಖ ಸಣ್ಣದಾಯಿತು. ವೈರಿಗೆ ನಡುವೆ ಕಪ್ಪು ಟೇಪು ಸುತ್ತಿದೆ.

"ಇದು ನಿಮ್ಮ ಕೈ ಕೆಲಸ" ಎಂದಳು. "ನಮ್ಮ ಮನಿಯವರು ಇಶ್ತಿಯಾಕ್ ಕುಂತು ಜೋಡಿಸಿದ್ರು. ಹಿಡೀರಿ. ಈಗ ನಿಮ್ಮ ಕೈ ಇದು ಜೋಡಸ್ಲಿ."

ಕ್ಯಾಸೆಟ್ಟಿನ ತುದಿಯನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದಳು. ಎಲ್ಲರೂ ಬಾಯಿಂದ ಊದುತ್ತಾರಂತೆ, ಊದಿದರೆ ಉಗುಳು ಹೋಗಿ ಜಂಗು ಹಿಡಿಯುತ್ತದಂತೆ. ಟಿವಿಯಲ್ಲಿ ಒಬ್ಬ ಕುಳ್ಳ ಮನುಷ್ಯ ಬಂದ. ಅವನನ್ನು ಬಲಕ್ಕೆ ಓಡಿಸಬೇಕು, ದಾರಿಯಲ್ಲಿ ಗುಂಡಿ ಬಂದರೆ ಹಾರಿಸಬೇಕು. ಮೊದಲ ಗುಂಡಿಯ ಅಂಚಿಗೆ ತಂದು ನಿಲ್ಲಿಸಿದೆ. ಕಾದೆ.

"ಯಾಕ್ರಿ ನಿಂತಾನ?"

"ಇನ್ನ ಗಂಟಿ ಆಗಿಲ್ಲ" ಎಂದುಬಿಟ್ಟೆ.

ಅವಳು ಕನ್ನಡಕ ಜಾರುವ ತನಕ ನಕ್ಕಳು. "ಯಾ ಅಲ್ಲಾ! ಅಲ್ಲಿ ಯಾರು ಬಾರಿಸ್ಬೇಕ್ರಿ ಗಂಟಿ? ಹಾರಸ್ರಿ!"

ಹಾರಿಸಿದೆ, ಬಿದ್ದ. ಅವಳು ಕೈ ಚಾಚಿದಳು. "ಕೊಡ್ರಿ. ಜೀವ ಹೋತಂದ್ರ ರಿಮೋಟ್ ಬಾಜೂದವ್ರಿಗೆ. ಈ ಅಂಗಡ್ಯಾಗ ಕಾನೂನು ಅದೊಂದ ಇತ್ತು, ಈಗೂ ಅದ." ಹಾಗೆಂದು ರಿಮೋಟ್ ತೆಗೆದುಕೊಂಡವಳು ಕಾಲು ಗಂಟೆ ಕೊಡಲೇ ಇಲ್ಲ. ಒಂದೂ ಗುಂಡಿಗೆ ಬೀಳಲಿಲ್ಲ, ಹಠಮಾರಿ.

ನವೆಂಬರ್ 15, ಶನಿವಾರ

ದಿನಾ ನಾಷ್ಟಾ ಆದ ಮೇಲೆ ಹೋಗುತ್ತೇನೆ. ಬರೀ ಕಸರತ್ತಿಗೆ. ಇವತ್ತು ಒಂಬತ್ತು ಗುಂಡಿ ದಾಟಿಸಿದೆ.

ಮೂರು ಜೀವ ಇದ್ದರೂ ಒಂದೊಂದು ಹೋದಾಗಲೂ ಕೇಜೇ ಬಿದ್ದ ಹಾಗೆ ಕಣ್ಣು ಮುಚ್ಚುತ್ತೇನೆ. ಗುಲ್ಷನ್‌ಬೀಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಅದಕ್ಕ ಅವತ್ತು ಹಂಗ ಹಾರ್‍ಯಾಡಿದ್ರಿ ಅಂತ ನಮ್ಮ ಮನಿಯವರು ಅಂದಿದ್ರು. ಅಂವ ಗಣಿಯಾಗ ಮಂದೀನ ಇಳಸಾಂವ ಐದಾನ, ಅವನ ಸಂಕಟ ನಮಗ ತಿಳಿಯಾಂಗಿಲ್ಲ ಅಂತ" ಎಂದಳು.

ಆ ಪುಣ್ಯಾತ್ಮ ತೀರಿಕೊಂಡು ಒಂಬತ್ತು ವರ್ಷ. ಅವನಿಗೆ ನಾನು ಒಮ್ಮೆಯೂ ಸಲಾಂ ಹೇಳಲಿಲ್ಲ. ಗುಲ್ಷನ್‌ಬೀಗಾದರೂ "ತಪ್ಪಾತು" ಅನ್ನಬೇಕು ಅಂದುಕೊಂಡೆ. ಅನ್ನುವಷ್ಟರಲ್ಲಿ ಸೀರೆ ಕೊಡಲು ಯಾರೋ ಬಂದರು.

ನವೆಂಬರ್ 22, ಶನಿವಾರ

ಅಂಗಿ ಗುಂಡಿಯನ್ನು ನಾನೇ ಹಾಕಿಕೊಂಡೆ. ಅಮರಮ್ಮ ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಇವತ್ತು ಟ್ರಂಕಿನಿಂದ ಬೂದು ಬಣ್ಣದ ಯಂತ್ರ ಹೊರಬಂತು. ಇದಕ್ಕೆ ಕ್ಯಾಸೆಟ್ ಅಲ್ಲ, ಸಿಡಿ. 2004ರಲ್ಲಿ ಇಶ್ತಿಯಾಕ್ ಹೈದರಾಬಾದಿಗೆ ಹೋಗಿ ತಂದದ್ದು. ನೆಟ್ಟಗಿಟ್ಟರೆ ಸಿಡಿ ಓದುವುದಿಲ್ಲ, ತಲೆಕೆಳಗೆ ಮಾಡಿಟ್ಟರೆ ಓದುತ್ತದೆ. "ಮುಪ್ಪಾತಲ್ರಿ, ಹಂಗ ಮಲಗಿದ್ರ ಅದಕ್ಕ ಹಿತ" ಎಂದಳು. ಟಿವಿಯಲ್ಲಿ ಈಗ ಮನುಷ್ಯರಿಗೆ ಮೂಗು ಇದೆ, ಕಾರಿಗೆ ನೆರಳಿದೆ. ಕಾರು ಓಡಿಸಿದೆ. ಈ ರಿಮೋಟಿಗೆ ಹೆಬ್ಬೆರಳಿನಿಂದ ಆಡಿಸುವ ಒಂದು ಪುಟ್ಟ ಕೋಲಿದೆ. ಲಿವರಿನ ಮೊಮ್ಮಗನ ಹಾಗಿದೆ. ಒತ್ತಿದಷ್ಟೇ ಕೇಳುತ್ತದೆ. ನನಗೆ ಬಹಳ ಹಿಡಿಸಿತು.

ನವೆಂಬರ್ 24, ಸೋಮವಾರ

ಕೈ ನಡುಗಿತು.

ಹಳೆಯ ರಿಮೋಟ್ ಬಿಟ್ಟು ಇನ್ನೊಂದು ಕೊಟ್ಟಿದ್ದಳು. ಆಡುತ್ತಾ ಆಡುತ್ತಾ ಎರಡೂ ಅಂಗೈ ಗಡಗಡ ನಡುಗಿದವು. ತಲೆನೋವು ಎಂದು ಹೇಳಿ ಎದ್ದು ಬಂದೆ.

ನವೆಂಬರ್ 25, ಮಂಗಳವಾರ

ಇವತ್ತೂ. ಎರಡು ಸಲ.

ಯಾರಿಗೂ ಹೇಳಿಲ್ಲ. ನಡುಗುವ ಕೈಗೆ ಲಿವರ್ ಕೊಡುವವರು ಯಾರು? ಎಲ್ಲಾ ಮುಗಿಯಿತು. ಊಟ ಸೇರಲಿಲ್ಲ.

ನವೆಂಬರ್ 28, ಶುಕ್ರವಾರ

ನನ್ನಂಥ ಮೂರ್ಖ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಬ್ಯಾಂಕಿನ ಕೆಲಸ ಎಂದು ಅಮರಮ್ಮನಿಗೆ ಸುಳ್ಳು ಹೇಳಿ ಒಬ್ಬನೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಭಾರತಿ ಕೈ ಚಾಚಲು ಹೇಳಿದರು, ಅಂಗೈ ಮೇಲೆ ಕಾಗದದ ಹಾಳೆ ಇಟ್ಟರು. ಹಾಳೆ ಅಲುಗಲಿಲ್ಲ.

"ಯಾವಾಗ ನಡುಗ್ತೈತ್ರಿ?"

"ಕಾರು ಗ್ವಾಡಿಗೆ ಬಡದಾಗ."

"ಯಾವ ಕಾರು?"

ಹೇಳಿದೆ. ಅವರು ತುಟಿ ಕಚ್ಚಿ ಹಿಡಿದರು, ಆಗಲಿಲ್ಲ, ನಕ್ಕೇಬಿಟ್ಟರು. "ಅಣ್ಣಾರ, ನಡುಗಿದ್ದು ನಿಮ್ಮ ಕೈ ಅಲ್ರಿ, ರಿಮೋಟ್! ಅದರ ಹೊಟ್ಯಾಗ ಮೋಟರ್ ಇರ್ತೈತಿ. ಕಾರು ಬಡದ್ರ ಕೈಗೆ ಗೊತ್ತಾಗ್ಲಿ ಅಂತ ನಡುಗಸ್ತಾರ."

ನಾಲ್ಕು ದಿನದ ಉಪವಾಸ! ಬಸ್ ಸ್ಟ್ಯಾಂಡಿನಲ್ಲಿ ಎರಡು ತಟ್ಟೆ ಮಿರ್ಚಿ ಮಂಡಕ್ಕಿ ತಿಂದೆ. ಮನೆಗೆ ಬಂದು ಅಮರಮ್ಮನಿಗೆ ಎಲ್ಲಾ ಹೇಳಿದೆ. ಅವಳು ನೇರವಾಗಿ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ಗುಲ್ಷನ್‌ಬೀಗೆ ಕೂಗಿ ಹೇಳಿದಳು. ಇಬ್ಬರೂ ಗೋಡೆಯ ಆಚೀಚೆ ನಿಂತು ನಕ್ಕದ್ದೇ ನಕ್ಕದ್ದು. ನಗಲಿ ಬಿಡು.

ಆದರೆ ವಿಚಾರ ಮಾಡಿದರೆ ಅದು ಒಳ್ಳೆಯ ಬುದ್ಧಿವಂತಿಕೆ. ಹಗ್ಗಕ್ಕೆ ಭಾರ ಬಿದ್ದಾಗ ನಮ್ಮ ಲಿವರೂ ಅಂಗೈಗೆ ಸಣ್ಣಗೆ ಹೇಳುತ್ತದೆ. ಹಳೆಯ ಯಂತ್ರಗಳು ಕಣ್ಣಿಗಷ್ಟೇ ಹೇಳುತ್ತಿದ್ದವು, ಇದು ಕೈಗೂ ಹೇಳುತ್ತದೆ.

ಡಿಸೆಂಬರ್ 7, ಭಾನುವಾರ

ಗುಲ್ಷನ್‌ಬೀ ಮುಂದಿನದನ್ನು ತೆಗೆದಿದ್ದಾಳೆ. ಇಶ್ತಿಯಾಕ್ ಕೊನೆಗೆ ಕೊಂಡದ್ದು, 2010ರದ್ದು. ಇದರ ರಿಮೋಟ್ ಬಿಳಿ ಕೋಲಿನ ಹಾಗೆ, ಕೈ ಬೀಸಿದರೆ ಟಿವಿಯೊಳಗೂ ಕೈ ಬೀಸುತ್ತದೆ. ಚೆಂಡು ಉರುಳಿಸಿ ಕಂಬ ಬೀಳಿಸುವ ಆಟ. ಅಮರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಗೆದ್ದಳು, ಬರೀ ನಾಲ್ಕು ಅಂಕದಿಂದ. ನನ್ನದು ಪೆಟ್ಟಾದ ಕೈ, ಅದನ್ನೂ ನೋಡಬೇಕಲ್ಲ.

ಆಟ ರಂಗೇರಿದಾಗ ಬಾಗಿಲಲ್ಲಿ ಸುಕನ್ಯಾ ನಿಂತಿದ್ದಳು! ಹೇಳದೆ ಕೇಳದೆ ಸಿಂಧನೂರಿನಿಂದ ಬಂದಿದ್ದಾಳೆ. ಮನೆಗೆ ಬೀಗ ನೋಡಿ, ಗದ್ದಲ ಕೇಳಿ ಇಲ್ಲಿಗೆ ಬಂದಳಂತೆ. ನನ್ನ ಕೈಯಲ್ಲಿದ್ದ ರಿಮೋಟ್ ನೋಡಿದಳು, ಅವ್ವನ ಸೆರಗು ನೋಡಿದಳು. ಕಪಾಟಿನ ಮೇಲಿದ್ದ ಕಪ್ಪು ಟೇಪಿನ ರಿಮೋಟಿಗೆ ಕಣ್ಣು ಹೋಯಿತು. ಅದನ್ನೆತ್ತಿ ಟೇಪಿನ ಮೇಲೆ ಬೆರಳಾಡಿಸಿದಳು.

"ಮೌಸೀ, ಇದು ಇನ್ನೂ ಐತಾ?"

"ಐತವ್ವಾ. ನಿಮ್ಮಪ್ಪಂದು ಕಸರತ್ತು ಅದರ ಮ್ಯಾಲ ಸುರು ಆತು."

ಆಗಲೇ ತಪ್ಪಾಯಿತು ಎಂದು ಹೇಳಬೇಕಿತ್ತು. "ಬಸ್ಸಿಗೆ ಸೀಟು ಸಿಕ್ಕಿತ್ತಾ?" ಎಂದು ಕೇಳಿದೆ. ಇದೂ ಒಂದು ಬಾಯಿ!

ಡಿಸೆಂಬರ್ 14, ಭಾನುವಾರ

ಸುಕನ್ಯಾ ಮತ್ತೆ ಬಂದಳು, ದೊಡ್ಡ ಬ್ಯಾಗು ಹೊತ್ತುಕೊಂಡು. ಬ್ಯಾಗಿನಲ್ಲಿ ಈಗಿನ ಕಾಲದ ಯಂತ್ರ. ಕ್ಯಾಸೆಟ್ ಇಲ್ಲ, ಸಿಡಿಯೂ ಇಲ್ಲ, ಆಟ ಗಾಳಿಯಲ್ಲಿ ಬಂದು ಇಳಿಯುತ್ತದೆ. ಮೊದಲ ಸಂಬಳದಲ್ಲೇ ಒಂದು ಕೊಂಡಿದ್ದಳಂತೆ, ಇದು ಮೂರನೆಯದಂತೆ. ಕಾಲೇಜು ಮುಗಿಸಿ ಬಂದು ದಿನಾ ಆಡುತ್ತಾಳಂತೆ.

"ನನಗ್ಯಾಕ ಹೇಳಿಲ್ಲ?"

"ನೀ ವೈರ್ ಹರಿತೀ ಅಂತ." ಆಮೇಲೆ ರಿಮೋಟ್ ನನ್ನ ಕೈಗಿಟ್ಟಳು. "ಇದಕ್ಕ ವೈರ್ ಇಲ್ಲಪ್ಪಾ. ಹರಿಯಾಕ ಬರಲಾರ್ದಂಗ ಮಾಡ್ಯಾರ."

ಇಬ್ಬರು ಕೂಡಿ ಆಡುವ ಆಟ ಹಾಕಿದಳು. ಬೆಟ್ಟದ ಮೇಲೆ ಇಬ್ಬರು, ನಡುವೆ ಒಂದೇ ಹಗ್ಗ. ಒಬ್ಬರು ಮೇಲೆ ನಿಂತು ಹಗ್ಗ ಬಿಡಬೇಕು, ಇನ್ನೊಬ್ಬರು ಕೊರಕಲಿಗೆ ಇಳಿಯಬೇಕು. ಹಗ್ಗ ಅವಳ ಕೈಯಲ್ಲಿತ್ತು, ತುದಿಯಲ್ಲಿ ನಾನು. ಕೆಳಗೆ ತಳವೇ ಕಾಣದು. "ನಿಧಾನ, ನಿಧಾನಲೇ! ಜಗ್ಗಬ್ಯಾಡ!" ಎಂದು ಕೂಗಿದೆ. ಇಪ್ಪತ್ತಾರು ವರ್ಷ ನನ್ನ ಹಗ್ಗದ ತುದಿಯಲ್ಲಿದ್ದವರಿಗೆ ಹೀಗೇ ಆಗುತ್ತಿತ್ತೇನೋ. ನಾನು ಮುಳ್ಳು ನೋಡುತ್ತಿದ್ದೆ, ಅವರು ಕತ್ತಲು ನೋಡುತ್ತಿದ್ದರು.

ಅವಳು ಪರದೆಯಿಂದ ಕಣ್ಣು ತೆಗೆಯದೆ, "ಮೊದಲ ಮೂರು ಗಂಟಿ ಬಾರಿಸಪ್ಪಾ. ಮನಷ್ಯಾರು ಇದ್ದಾಗ ಮೂರು ಅಂತ ನೀನ ಕಲಿಸಿದ್ದಿ" ಎಂದಳು. ಒಂಬತ್ತನೆಯ ವಯಸ್ಸಿನಲ್ಲಿ ಹೇಳಿದ್ದು, ನೆನಪಿಟ್ಟಿದ್ದಾಳೆ.

ಚಹದ ಲೋಟದ ಮೇಲೆ ಚಮಚದಿಂದ ಮೂರು ಸಲ ಬಡಿದೆ. ಇಳಿಸಿದಳು. ಚೂರೂ ಅಲುಗದೆ ಇಳಿದೆ. ಆಗ ಹೇಳಿದೆ: "ಅವತ್ತು ನಾ ಮಾಡಿದ್ದು ತಪ್ಪಾತವ್ವಾ. ಮಂದಿ ಮುಂದ ನಿನ್ನ ಎಳಕೊಂಡು ಬಂದೆ."

ಅವಳು ಆಟ ನಿಲ್ಲಿಸಿದಳು. "ಆ ಮ್ಯಾಲ ನಾ ನಿನ್ನ ಮುಂದ ಆಡಿಲ್ಲ ಅಷ್ಟ, ಅಪ್ಪಾ. ಆಡೋದು ಬಿಟ್ಟಿಲ್ಲ." ಕಣ್ಣು ಒರೆಸಿಕೊಂಡು, "ಏಳು, ಈಗ ನೀ ನನ್ನ ಇಳಸು" ಎಂದಳು. ನನ್ನ ಕೈ ಬಿಗಿ ನೋಡಿ, "ರಿಮೋಟಿನ ಕುತ್ತಿಗಿ ಹಿಚಕಬ್ಯಾಡಪ್ಪಾ, ಹಿಡಿ ಅಷ್ಟ" ಎಂದು ಬೈದಳು ಕೂಡ. ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದಳು, ನೋಡು. ಗುಲ್ಷನ್‌ಬೀಗೂ ಸಂಜೆ ಹೋಗಿ ತಪ್ಪಾಯಿತು ಎಂದೆ. "ಆತು ಬಿಡ್ರಿ, ಬಡ್ಡಿ ಸಮೇತ ಆಡೀರಿ" ಎಂದಳು.

ಇವತ್ತು ಎರಡು ಪುಟ ಬರೆದೆನಲ್ಲ!

ಡಿಸೆಂಬರ್ 20, ಶನಿವಾರ

ಒಂದು ಮಾತು ಬರೆಯಬೇಕು. ಬರೆದು ಮರೆಯಬೇಕು.

ಕೈ ಚೆನ್ನಾಗಿದೆ. ಆದರೆ ಇಪ್ಪತ್ತು ನಿಮಿಷ ಆಡಿದ ಮೇಲೆ ಹೆಬ್ಬೆರಳು ಮರಗಟ್ಟುತ್ತದೆ. ನೋವಿಲ್ಲ, ನಡುಕವಿಲ್ಲ, ಸುಮ್ಮನೆ ಅದು ಅಲ್ಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡು ನಿಮಿಷ ಬಿಟ್ಟು ತಾನೇ ಸರಿಹೋಗುತ್ತದೆ. ನಾಲ್ಕು ದಿನ ಗಡಿಯಾರ ಇಟ್ಟು ನೋಡಿದೆ, ಇಪ್ಪತ್ತೇ.

ಪರೀಕ್ಷೆಯಲ್ಲಿ ಲಿವರ್ ಹಿಡಿಯುವುದು ಹತ್ತು ಹನ್ನೆರಡು ನಿಮಿಷ. ಯಾರಿಗೂ ಹೇಳುವ ಕಾರಣವಿಲ್ಲ. ಅಮರಮ್ಮನಿಗಂತೂ ಬೇಡ.

ಜನವರಿ 4, 2026, ಭಾನುವಾರ

ನಾಲ್ವರೂ ಕೂಡಿ ಆಡಿದೆವು. ಗುಲ್ಷನ್‌ಬೀ ಹೊಸ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ನಲವತ್ತು ವರ್ಷದಾಗ ಚೌಕ ಚೆಂಡು ದುಂಡಗಾತು, ಮನಷ್ಯಾಗ ಮೂಗು ಬಂತು, ಬೆವರೂ ಬಂತು. ಡಬ್ಬಿ ಎಷ್ಟು ಬದಲಾದ್ರೂ ಆಡಾಂವಂದು ಅದ ಹೆಬ್ಬಟ್ಟು ನೋಡ್ರಿ" ಎಂದಳು. ಮತ್ತೆ ನನ್ನನ್ನು ನೋಡಿ, "ನೀವು ಛಲೋ ಆಡ್ತಾ ಆಡ್ತಾ ಒಂದು ಹೊತ್ತಿಗೆ ದುಡುಂ ಅಂತ ಬೀಳ್ತೀರಲ್ರಿ, ಯಾಕ?" ಎಂದು ಕೇಳಿದಳು.

"ಟಿವಿ ಸರಿಯಿಲ್ಲ" ಎಂದೆ. ಅಮರಮ್ಮ ಚಹ ಸೋಸುತ್ತ ಗಡಿಯಾರ ನೋಡಿದಳು.

ಜನವರಿ 11, ಭಾನುವಾರ

ಹಟ್ಟಿಗೆ ಬಂದೆವು. ಸೈರನ್ ಕೇಳಿತು. ಈ ಸಲ ಹೊಟ್ಟೆ ಉರಿಯಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಎರಡು ರೊಟ್ಟಿ ಹೆಚ್ಚೇ ಹೋದವು. ನಾಳೆ ನೋಡೋಣ.

ಜನವರಿ 12, ಸೋಮವಾರ. ಹಟ್ಟಿ

ಪಾಸಾದೆ.

ಡಾಕ್ಟರುಗಳು ಹಿಡಿತ ನೋಡಿದರು, ಸೂಜಿ ಚುಚ್ಚಿ ನೋಡಿದರು, ಗುಂಡಿ ಹಾಕಿಸಿ ನೋಡಿದರು. "ಬಹಳ ಛಲೋ ಆಗೈತಿ. ಏನು ಮಾಡಿದ್ರಿ?" ಎಂದರು. "ಆಟ ಆಡಿದೆ" ಎಂದೆ. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡರು.

ಆಮೇಲೆ ವೈಂಡರ್ ಕೋಣೆ. ನನ್ನ ಶಿಫ್ಟಿನ ಇನ್ನೊಬ್ಬ ಚಾಲಕ ದುರುಗೇಶ ಎದ್ದು ಕುರ್ಚಿ ಕೊಟ್ಟ. ಗ್ರೀಸಿನ ಆ ವಾಸನೆ! ಲಿವರ್ ಹಿಡಿದಾಗ ಕಣ್ಣು ತುಂಬಿ ಬಂತು, ಬರೆಯಲು ನಾಚಿಕೆ ಏನು. ಖಾಲಿ ಕೇಜನ್ನು ಮೂರು ಸಲ ಇಳಿಸಿ ಏರಿಸಿದೆ. ಮೂರು ಸಲವೂ ಸೀಮೆಸುಣ್ಣದ ಗೀರಿಗೆ ಗೀರು ಕೂಡಿ ನಿಂತಿತು. ಪರೀಕ್ಷೆ ನೋಡುತ್ತಿದ್ದ ಸಾಹೇಬರು ಕಾಗದದ ಮೇಲೆ ಏನೋ ಬರೆದುಕೊಂಡು, "ಅಂಬಪ್ಪ, ಎರಡನೇ ಶಿಫ್ಟಿನ ಮಂದಿ ನಿಂತಾರ. ಇಳಸ್ರಿ. ಇವತ್ತಿಂದ ನಿಮ್ಮ ಸೀಟು ನಿಮಗ" ಎಂದರು.

ಶಿಫ್ಟಿನ ಮಂದಿ ಪೂರ್ತಿ ಇಳಿಯಲು ಅರ್ಧ ಗಂಟೆಯ ಮೇಲೆ ಬೇಕು. ಲಿವರ್ ಮೇಲೆ ಕೈ ಇಟ್ಟೆ. ಎದುರಿಗೆ ಮುಳ್ಳು.

ಮೂರು ಸಲ ಗಂಟೆ ಕೇಳಿತು.

ಲಿವರಿನಿಂದ ಕೈ ತೆಗೆದೆ. "ದುರುಗೇಶ, ಬಾರಪಾ, ನೀ ಹಿಡಿ" ಎಂದೆ.

ಅವನು ಗಾಬರಿಯಾದ. "ಯಾಕಣ್ಣಾ? ಕೈ ನೋವು ಬಂತಾ? ಇಷ್ಟೊತ್ತು ಛಲೋ ಇತ್ತಲ್ಲ!"

"ಛಲೋ ಇದ್ದಾಗ ಕೊಡಾಕತ್ತೀನಿ. ಹಿಡಿ. ಮಂದಿ ಕಾಯಾಕತ್ತಾರ."

ಅವನು ಕೂತ, ಉತ್ತರದ ಗಂಟೆ ಕೊಟ್ಟ, ಇಳಿಸಿದ. ನಾನು ಪಕ್ಕದಲ್ಲಿ ನಿಂತು ಸಾಹೇಬರಿಗೆ ಇಪ್ಪತ್ತು ನಿಮಿಷದ ವಿಷಯ ಹೇಳಿದೆ. ಅವರು ನನ್ನ ಹೆಬ್ಬೆರಳನ್ನು ಒತ್ತಿ ನೋಡಿದರು. ಏಪ್ರಿಲಿನಲ್ಲಿ ಹೊಸ ಚಾಲಕರು ಬರುತ್ತಾರೆ, ಅವರ ಬಾಜೂ ಕುರ್ಚಿ ಹಾಕಿಕೊಂಡು ಕಲಿಸಲು ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆ. ಮೊದಲ ಪಾಠ ಯಾವುದು ಅಂತ ಈಗಲೇ ಗೊತ್ತಿದೆ. ಲಿವರಿನ ಕುತ್ತಿಗೆ ಹಿಚುಕಬೇಡಿ, ಹಿಡಿಯಿರಿ ಅಷ್ಟೆ.

ಬೇಜಾರಾಗಿದೆಯಾ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡು ಬಂದೆ. ಗೇಟಿನ ಹತ್ತಿರ ಸ್ವಲ್ಪ ಆಗಿತ್ತು. ಮನೆ ಮುಟ್ಟುವಷ್ಟರಲ್ಲಿ ಹಸಿವಾಗಿತ್ತು.

ಬಾಗಿಲು ತೆರೆದ ಅಮರಮ್ಮನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದಳು. ಸುಕನ್ಯಾಗೆ ಫೋನು ಮಾಡಿದೆ. "ಭಾನುವಾರ ಹಗ್ಗದ ಆಟ ಮುಗಿಸೋಣಪ್ಪಾ, ಇನ್ನ ಅರ್ಧ ಬೆಟ್ಟ ಐತಿ" ಎಂದಳು. ಬಾಯಿಬಿಟ್ಟು ನಕ್ಕಳು, ನನ್ನ ಕಿವಿಯಲ್ಲೇ.

ಬಹಳ ಬರೆದೆ. ಹೆಬ್ಬೆರಳು ಮರಗಟ್ಟಿತು. ಅಮರಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಪೆನ್ನು ಅವಳಿಗೆ ಕೊಡುತ್ತೇನೆ, ಏನಾದರೂ ಬರೆಯಲಿ.

ನಾನು ಅಮರಮ್ಮ. ಏನ್ ಬರೀಲಿ ಅಂದ್ರ ಮನಸಿಗೆ ಬಂದದ್ದು ಬರಿ ಅಂದ್ರು. ಅಂದು ಅಂಗಳಕ್ಕ ಹೋಗ್ಯಾರ.

ಚೆಂಡಿನ ಆಟದಾಗ ನಾ ಗೆದ್ದದ್ದು ನಾಕು ಅಂಕದಲೆ ಅಲ್ರಿ. ನಲವತ್ತು.

ಹೌದು, ಓದೀನಿ. ಮೊದಲನೇ ಪುಟದಿಂದ ಓದೀನಿ. ಅಕ್ಷರ ದಿನಾ ಎಷ್ಟು ದುಂಡಗಾಗ್ತಾವ ಅಂತ ನೋಡಾಕ ತಗದೆ, ಬಿಡಾಕ ಆಗಲಿಲ್ಲ. ಇಪ್ಪತ್ತು ನಿಮಿಷದ ಮಾತು ಡಿಸೆಂಬರ್ ಇಪ್ಪತ್ತರಿಂದ ನನಗ ಗೊತ್ತೈತಿ. ಇವತ್ತು ನೀವು ಗೇಟಿನ ಒಳಗ ಹೋದಾಗ ನಾ ಮನಿಯಾಗ ಇದ್ದಿಲ್ಲ. ಗೇಟಿನ ಹೊರಗ ಬೇವಿನ ಗಿಡದ ಬುಡಕ ನಿಂತಿದ್ದೆ. ಎರಡನೇ ಶಿಫ್ಟಿನ ಸೈರನ್ ಆಗೋತನ ನೀವು ಹೇಳಿದ್ರ ಛಲೋ, ಇಲ್ಲಂದ್ರ ಒಳಗ ಹೋಗಿ ನಾನ ಹೇಳಾಕಿ ಇದ್ದೆ. ಮೂವತ್ತಾರು ವರ್ಷದಾಗ ಅಷ್ಟು ಹೆದರಿದ್ದಿಲ್ಲ. ವೈಂಡರ್ ಕೋಣಿ ಕಡಿಂದ ಹೊರಗ ಬಂದ ಒಬ್ಬಾಂವ, ಅಣ್ಣ ತಾನ ಎದ್ದು ದುರುಗೇಶಗ ಲಿವರ್ ಕೊಟ್ಟ ಅಂತ ಹೇಳಿದ. ಆಮ್ಯಾಲ ನಿಮ್ಮಕಿಂತ ಮೊದಲ ಮನಿ ಮುಟ್ಟಬೇಕಂತ ಓಡಿ ಬಂದೀನಿ.

ಅನ್ನ ಆರಾಕತ್ತೈತಿ. ಬರ್ರಿ ಒಳಗ.